ಗೊತ್ತಿಲ್ಲ ಎನ್ನಲು ಬರುವ ಫೋನು

ಜುಲೈ 21, ಸೋಮವಾರ

ಎರಡು ಫೋನು ಬಂದವು. ಒಂದು ಕರಿ, ಒಂದು ಬಿಳಿ. ಶಹಾಬಾದಿನ ಹುಮೇರಾ ಕಳಿಸಿದ್ದು. ಅವಳು ನನ್ನ ಗಂಡನ ಸೋದರಮಾವನ ಮಗಳು, ಕಲಬುರಗಿಯ ಒಂದು ಕಂಪನಿಯಲ್ಲಿದ್ದಾಳೆ. ಎರಡೂ ಫೋನು ಒಂದಕ್ಕೊಂದು ಪೈಪೋಟಿಯ ಕಂಪನಿಯವು, ಹೆಸರು ಎಲ್ಲೂ ಬರೆಯಕೂಡದಂತೆ. ಎರಡರಲ್ಲೂ ಮಾತಾಡಿಸಿದರೆ ಮಾತಾಡುವ ಸಹಾಯಕ ಇದೆ. ದಿನಕ್ಕೆ ನಲವತ್ತು ಪ್ರಶ್ನೆಯ ಪಟ್ಟಿ ಬರುತ್ತದೆ. ಒಂದೇ ಪ್ರಶ್ನೆಯನ್ನು ಎರಡಕ್ಕೂ ಕನ್ನಡದಲ್ಲಿ ಕೇಳಬೇಕು, ಯಾವುದು ಹೇಗೆ ಉತ್ತರ ಕೊಟ್ಟಿತು ಎಂದು ಐದಕ್ಕೆ ಅಂಕ ಹಾಕಬೇಕು. ಅಷ್ಟೇ ಕೆಲಸ.

"ಭಾಬಿ, ನೀವು ಹೆಂಗೂ ಮನ್ಯಾಗೇ ಕುಂತಿರ್ತೀರಿ" ಎಂದಳು ಹುಮೇರಾ. ಆ 'ಹೆಂಗೂ'ಗೆ ಸಿಟ್ಟು ಬಂತು. ಆದರೆ ಕೂತಿರುವುದಂತೂ ನಿಜ.

ಬಕ್ರೀದ್ ಆಗಿ ಎರಡು ದಿನಕ್ಕೆ ಇವರು ಸಿಮೆಂಟ್ ಫ್ಯಾಕ್ಟರಿಯ ಪ್ಯಾಕಿಂಗ್ ಪ್ಲಾಂಟಿನಿಂದ ಎದೆ ಹಿಡಿದುಕೊಂಡು ಬಂದರು, ಸಂಜೆಗೆ ಇರಲಿಲ್ಲ. ಅಂದಿನಿಂದ ನನ್ನದು ಇದ್ದತ್. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೋಗಬಾರದು, ಸಿಂಗಾರ ಮಾಡಬಾರದು, ಪರಪುರುಷರ ಎದುರು ಬರಬಾರದು. ನಮ್ಮ ಮನೆಯವರು ಅದಕ್ಕೆ ಇನ್ನೊಂದು ಸೇರಿಸಿದ್ದಾರೆ: ದನಿಯೂ ಹೊರಗಿನವರ ಕಿವಿಗೆ ಬೀಳಬಾರದು. ಅಕ್ಟೋಬರ್ ಹದಿನಾರಕ್ಕೆ ಮುಗಿಯುತ್ತದೆ ಎಂದು ಅತ್ತೆ ಬೆರಳು ಮಡಚಿ ಹೇಳಿದ್ದಾರೆ.

ವಾಡಿಯ ಈ ಕ್ವಾರ್ಟರ್ಸಿಗೆ ಒಂದು ಒಳಕೋಣೆ, ಒಂದು ಅಡುಗೆಮನೆ, ಒಂದು ಪಡಸಾಲೆ. ಒಳಕೋಣೆಯಲ್ಲಿ ನಾನು ಮತ್ತು ಒಂಬತ್ತು ವರ್ಷದ ಮಗಳು ನಾಹಿದ. ಅಡುಗೆಮನೆಯಲ್ಲಿ ಅತ್ತೆ ಆಶಾಬಿ. ಪಡಸಾಲೆಯಲ್ಲಿ ಮೈದುನ ಜಹಾಂಗೀರ. ಅವನೂ ಪರಪುರುಷನ ಲೆಕ್ಕಕ್ಕೇ ಬರುತ್ತಾನೆ, ಹಾಗಾಗಿ ನಡುವೆ ಪರದೆ. ನಾನು ಮದುವೆಯಾಗಿ ಬಂದಾಗ ಅವನು ಹತ್ತನೇ ಕ್ಲಾಸು. ಹಂಚಿನ ಮೇಲಿನ ರೊಟ್ಟಿ ಕಸಿದುಕೊಂಡು ಓಡುತ್ತಿದ್ದವನು ಈಗ ಒಳಗೆ ಬರುವ ಮೊದಲು ಕೆಮ್ಮುತ್ತಾನೆ.

ಟಿಪ್ಪಣಿ ಬರೆಯಲು ಹುಮೇರಾ ಒಂದು ನೋಟುಬುಕ್ಕು ಕಳಿಸಿದ್ದಾಳೆ. ಹಿಂದಿನ ಪುಟದಿಂದ ಇದನ್ನು ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಅತ್ತೆಗೆ ಅಕ್ಷರ ಬರದು, ಜಹಾಂಗೀರ ಉರ್ದು ಶಾಲೆಯವನು, ನಾಹಿದಳಿಗೆ ನನ್ನ ಗೀಚು ಬಿಡಿಸಲಾಗದು. ಯಾರನ್ನು ಬೈದು ಬರೆದರೂ ಚಿಂತೆಯಿಲ್ಲ.

ಜುಲೈ 23, ಬುಧವಾರ

ಮೊದಲ ದಿನವೇ ಎರಡೂ ಫೋನು ನನ್ನ ಪಾಲಿಗೆ ಕಿವುಡಾದವು. ರೆಕಾರ್ಡಿಂಗ್ ಕೇಳಿದ ಹುಮೇರಾಳ ಸಂದೇಶ ಬಂತು: "ಭಾಬಿ, ಆವಾಜ್ ಬರವಲ್ದು. ಯಾರೋ ಕಿವ್ಯಾಗ ಚಾಡಿ ಹೇಳ್ದಂಗ ಕೇಳ್ತದ." ದನಿ ಏರಿಸಿದರೆ ಪಡಸಾಲೆಗೆ ಕೇಳುತ್ತದೆ, ಏರಿಸದಿದ್ದರೆ ಫೋನಿಗೆ ಕೇಳುವುದಿಲ್ಲ. ಕೊನೆಗೆ ಕೌದಿ ಹೊದ್ದುಕೊಂಡು ಅದರೊಳಗೆ ಕೇಳಿದೆ. ಬೆವತು ನೀರಾದೆ.

ಏಳನೇ ಪ್ರಶ್ನೆ, ನಿಮ್ಮ ಊರಿನಿಂದ ಹತ್ತಿರದ ಊರಿಗೆ ಮುಂದಿನ ರೈಲು ಯಾವಾಗ ಎಂದು ಕೇಳಿ. ವಾಡಿಯಿಂದ ನಾಲವಾರಕ್ಕೆ ಎಂದು ಕೇಳಿದೆ. ನನ್ನ ತವರು. ಕರಿ ಫೋನು "ಕ್ಷಮಿಸಿ, ನನಗೆ ಆ ಮಾಹಿತಿ ಗೊತ್ತಿಲ್ಲ" ಎಂದಿತು. ಬಿಳಿ ಫೋನು ಜೇನು ಸುರಿದ ಹಾಗೆ ಒಂದು ಹೊತ್ತು ಹೇಳಿತು. ಆ ಹೊತ್ತಿಗೆ ನಾಲವಾರದಲ್ಲಿ ಯಾವ ರೈಲೂ ನಿಲ್ಲುವುದಿಲ್ಲ, ನಾನು ಅಲ್ಲೇ ಹುಟ್ಟಿ ಬೆಳೆದವಳು. ಆದರೂ ಎಷ್ಟು ಧೈರ್ಯವಾಗಿ ಹೇಳಿತು. ಕೇಳಿದ ಕೂಡಲೇ ಉತ್ತರ ಕೊಟ್ಟಿತಲ್ಲ ಎಂದು ಬಿಳಿಗೆ ನಾಲ್ಕು ಹಾಕಿದೆ, ಕರಿಗೆ ಒಂದು.

ಜುಲೈ 25, ಶುಕ್ರವಾರ

ಕರಿ ಫೋನಿನದು ಗಂಡಸಿನ ದನಿ. ಇದು ಇಷ್ಟು ದೊಡ್ಡ ಸಂಗತಿ ಎಂದು ನನಗೆ ಹೊಳೆದೇ ಇರಲಿಲ್ಲ. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಒಳಗ ಯಾರದು ಗಂಡಸು?"

"ಫೋನ್ ರಿ, ಅಮ್ಮಿ."

"ಫೋನಿನ್ಯಾಗ ಯಾರು?"

"ಯಾರೂ ಇಲ್ರಿ."

"ಯಾರೂ ಇಲ್ಲಾಂದ್ರ ಜವಾಬ್ ಯಾರು ಕೊಡ್ಲಿಕತ್ತಾರ?"

ದನಿ ಬದಲಿಸಬಹುದು, ಆದರೆ ಪರೀಕ್ಷೆ ಮುಗಿಯುವ ತನಕ ಫೋನಿನ ಏನನ್ನೂ ಬದಲಿಸಬಾರದೆಂದು ಹುಮೇರಾಳ ಕಟ್ಟಪ್ಪಣೆ. ಅತ್ತೆ ಯೋಚನೆ ಮಾಡಿ ತೀರ್ಪು ಕೊಟ್ಟರು. ಬಿಳಿಯ ಜೊತೆ ಹೇಗಾದರೂ ಮಾತಾಡು, ಕರಿಯ ಜೊತೆ ಮಾತಾಡುವಾಗ ತಲೆ ತುಂಬ ಓಢಣಿ ಹೊದ್ದು ಮುಖ ಆ ಕಡೆ ತಿರುಗಿಸು. ನಲವತ್ತು ಸಲ ಹೊದ್ದೆ, ನಲವತ್ತು ಸಲ ತೆಗೆದೆ. ತೋಳು ನೋಯುತ್ತಿದೆ. ಹಜರತ್‌ರನ್ನು ಕೇಳಿ ಬಾ ಎಂದು ಜಹಾಂಗೀರನನ್ನು ಮಸೀದಿಗೆ, ಇಮಾಮರ ಹತ್ತಿರ, ಕಳಿಸಿದ್ದಾರೆ.

ಜುಲೈ 28, ಸೋಮವಾರ

ಹಜರತ್ ನಕ್ಕರಂತೆ. ಅದು ಮಶೀನು, ಅದಕ್ಕೆಂಥ ಪರದೆ ಎಂದರಂತೆ. ಪರದೆಯ ಆಚೆಯಿಂದ ಜಹಾಂಗೀರ ಹೇಳಿದ. ಅವನ ದನಿಯಲ್ಲೂ ನಗುವಿತ್ತು. ಈ ಮನೆಯಲ್ಲಿ ಯಾರಾದರೂ ನಕ್ಕು ಎರಡು ತಿಂಗಳಾಗಿತ್ತು.

ಅತ್ತೆಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. "ನಿನಗ ಬ್ಯಾಡಾದ್ರ ಬಿಡು. ಅದಕ್ಕ ಹೊದಸ್ತೀನಿ" ಎಂದು ಕರಿ ಫೋನಿನ ಮೇಲೆ ಇವರ ಕರ್ಚೀಫು ಹಾಸಿದರು. ಈಗ ಫೋನಿಗೇ ಇದ್ದತ್.

ಆಗಸ್ಟ್ 5, ಮಂಗಳವಾರ

ಜಹಾಂಗೀರ ಕೆಮ್ಮಿದ. "ಭಾಬಿ, ಒಂದು ಮಾತಿತ್ತು."

ಮಾತು ಇದು. ನೌಕರಿಯಲ್ಲಿದ್ದವರು ತೀರಿಕೊಂಡರೆ ಫ್ಯಾಕ್ಟರಿ ಆ ಮನೆಯ ಒಬ್ಬರಿಗೆ ಕಾಯಂ ನೌಕರಿ ಕೊಡುತ್ತದೆ. ಮೊದಲ ಹಕ್ಕು ಹೆಂಡತಿಯದು. ನನಗೆ ಬೇಡ, ಮೈದುನನಿಗೆ ಕೊಡಿ ಎಂದು ನಾನು ನನ್ನ ಕೈಯಾರೆ ಬರೆದುಕೊಟ್ಟರೆ ಅದು ಅವನಿಗೆ. ಅವನು ಅದೇ ಫ್ಯಾಕ್ಟರಿಯಲ್ಲಿ ಏಳು ವರ್ಷದಿಂದ ಗುತ್ತಿಗೆಯ ಮೇಲೆ ಸಿಮೆಂಟ್ ಚೀಲ ಹೊರುತ್ತಿದ್ದಾನೆ. ಚಿತ್ತಾಪುರದಲ್ಲಿ ಹುಡುಗಿ ನೋಡಿದ್ದಾರೆ, ಕಾಯಂ ಆಗಲಿ ಎಂದು ಆ ಮನೆಯವರು ಕಾಯುತ್ತಿದ್ದಾರೆ. ಯಾರೂ ನೌಕರಿ ಹಿಡಿಯದಿದ್ದರೆ ಈ ಕ್ವಾರ್ಟರ್ಸ್ ಬಿಡಬೇಕು.

"ನೀವು ಎಲ್ಲಿ ಹೊರಗ ಹೋಗ್ತೀರಿ ಭಾಬಿ. ನಾ ಇದ್ದೀನಲ್ಲ, ಸಾಕ್ತೀನಿ. ನಾಹಿದ ನನ್ನ ಮಗಳಿದ್ದಂಗ."

"ಬರದು ಕೊಡು, ಬೇಟಾ. ಮನಿ ಉಳೀತದ" ಎಂದರು ಅತ್ತೆ.

ಆಗಲಿ ಎಂದೆ. ಇನ್ನೇನು ಹೇಳಬೇಕಿತ್ತು? ಅವನು ಕೆಟ್ಟವನಲ್ಲ. ಇವರ ಹೆಣ ಹೊತ್ತವನು, ನಲವತ್ತು ದಿನ ಮನೆಗೆ ನೀರು ತುಂಬಿದವನು. ಸೆಪ್ಟೆಂಬರ್ ಮುಗಿಯುವುದರೊಳಗೆ ಪತ್ರ ಕೊಟ್ಟರೆ ಸಾಕಂತೆ.

ಆಗಸ್ಟ್ 9, ಶನಿವಾರ

ಮಧ್ಯಾಹ್ನ ಕಲ್ಲುಗಣಿಯಲ್ಲಿ ಬ್ಲಾಸ್ಟಿಂಗ್. ಅಡುಗೆಮನೆಯ ಪಾತ್ರೆ ಅಲುಗಿದವು. ಎರಡೂ ಫೋನು "ಮತ್ತೊಮ್ಮೆ ಹೇಳಿ" ಎಂದವು. ನಾನೇನೂ ಹೇಳಿರಲಿಲ್ಲ, ಅಳುತ್ತಿದ್ದೆ.

ಆಗಸ್ಟ್ 14, ಗುರುವಾರ

ನಾನು ಸ್ನಾನಕ್ಕೆ ಹೋದಾಗ ಅತ್ತೆ ಒಳಕೋಣೆಗೆ ಬಂದು ಕರ್ಚೀಫು ಸರಿಸಿ ಕರಿ ಫೋನನ್ನು ವಿಚಾರಿಸುತ್ತಿದ್ದರು. ನಾಹಿದ ಅದರ ಗುಂಡಿ ಒತ್ತಿ, ಅಜ್ಜಿಯ ಪ್ರಶ್ನೆಯನ್ನು ಶಾಲೆಯ ಕನ್ನಡದಲ್ಲಿ ಅದಕ್ಕೆ ದಾಟಿಸುತ್ತಿದ್ದಳು. ಬಾಗಿಲ ಮರೆಯಲ್ಲಿ ನಿಂತು ಕೇಳಿದೆ.

"ನೀ ಗಂಡಸೇನಪಾ?"

ಫೋನು ತಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂದಿತು.

"ಊಟ ಮಾಡ್ತಿ?"

ಇಲ್ಲ.

"ಮಲಗ್ತಿ?"

ಇಲ್ಲ.

"ಮಂದಿ ಹೇಳಿದ್ದು ಎಲ್ಲಾ ಬರಕೊಂತೀ?"

ನಿಮ್ಮ ಪ್ರಶ್ನೆಗಳನ್ನು ಉಳಿಸಿಕೊಳ್ಳಲಾಗುತ್ತದೆ ಎಂದಿತು ಫೋನು.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ತಲೆಯ ಸೆರಗು ಎಳೆದುಕೊಂಡರು. ಗಂಡಲ್ಲ, ಹೆಣ್ಣಲ್ಲ, ಉಣ್ಣುವುದಿಲ್ಲ, ಮಲಗುವುದಿಲ್ಲ, ಎಲ್ಲ ಬರೆದುಕೊಳ್ಳುತ್ತದೆ. ಮನುಷ್ಯರ ಎರಡೂ ಹೆಗಲ ಮೇಲೆ ಕೂತು ಒಳ್ಳೆಯದು ಕೆಟ್ಟದ್ದು ಬರೆದುಕೊಳ್ಳುವ ಇಬ್ಬರು ದೇವದೂತರ, ಫರಿಶ್ತೆಗಳ ಲಕ್ಷಣ ಇವೇ ಅಲ್ಲವೆ. ಅವು ಫೋನು, ಫರಿಶ್ತೆಗಳಲ್ಲ ಎಂದು ನಾನು ಎಷ್ಟು ಹೇಳಿದರೂ "ನಂಗೂ ಗೊತ್ತದ, ಆದ್ರೂ ಹುಷಾರಿರಬೇಕು" ಎಂದರು. ಸಂಜೆಯಿಂದ ಒಳಕೋಣೆಯಲ್ಲಿ ಯಾರ ಚಾಡಿಯನ್ನೂ ಹೇಳುತ್ತಿಲ್ಲ. ಹೇಳುವುದಿದ್ದರೆ ಅಡುಗೆಮನೆಗೆ ಕರೆಯುತ್ತಾರೆ.

ನನಗೆ ಇದರಿಂದ ಲಾಭವೇ ಆಯಿತು. ಪಟ್ಟಿ ಓದುವ ಎರಡು ಗಂಟೆ ಒಳಕೋಣೆಗೆ ಯಾರೂ ಬರುವುದಿಲ್ಲ. ಕೌದಿ ತೆಗೆದಿಟ್ಟೆ.

ಆಗಸ್ಟ್ 26, ಮಂಗಳವಾರ

ಈಗ ಗದ್ದಲದ ಪಟ್ಟಿ ಬರುತ್ತಿದೆ. ರೈಲು ಹೋಗುವಾಗ, ನಲ್ಲಿ ಬಿಟ್ಟಾಗ, ಮಿಕ್ಸರ್ ತಿರುಗುವಾಗ ಅವೇ ಪ್ರಶ್ನೆ. ವಾಡಿಯಲ್ಲಿ ರೈಲಿಗೇನು ಬರ. ಕರಿ ಫೋನು ಗದ್ದಲದಲ್ಲೂ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಆದರೆ ಪುಸ್ತಕದ ಕನ್ನಡವೇ ಆಗಬೇಕು. ಬಿಳಿ ಫೋನಿಗೆ ನಮ್ಮ ಮನೆಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ಹತ್ತರಲ್ಲಿ ನಾಲ್ಕು ಸುಳ್ಳು. ಗೊತ್ತಿಲ್ಲ ಎಂಬ ಮಾತು ಅದರ ಬಾಯಲ್ಲಿ ಒಂದು ದಿನವೂ ಬಂದಿಲ್ಲ. ಇದನ್ನು ಬರೆಯಲು ಪಟ್ಟಿಯಲ್ಲಿ ಜಾಗವೇ ಇಲ್ಲ. ತಡ, ಸ್ಪಷ್ಟತೆ, ಸೌಜನ್ಯ ಎಲ್ಲಕ್ಕೂ ಮನೆ ಇದೆ, ಸುಳ್ಳಿಗಿಲ್ಲ.

ಹಿತ್ತಲ ಗೋಡೆಯ ಆಚೆ ಪಕ್ಕದ ಮನೆಯ ಅನಸುಬಾಯಿ ಬಟ್ಟೆ ಒಗೆಯುತ್ತಿದ್ದಳು. ಅವಳ ಗಂಡನೂ ಇದೇ ಫ್ಯಾಕ್ಟರಿಯವನು.

"ಜಬೀನಾ, ನಿನ್ನ ದನಿ ಈಗ ನಮ್ಮ ಅಡಗಿಮನಿ ತನಕ ಬರ್ತದ ನೋಡು. ವಾಡಿದಿಂದ ನಾಲವಾರಕ್ಕ ಟ್ರೇನ್ ಎಟ್ಟೊತ್ತಿಗಂತ ದಿನಾ ಕೇಳ್ತಿ. ನನಗೇ ಹೇಳಬೇಕನಸ್ತದ."

ನಾಚಿಕೆಯಾಯಿತು. ಅವಳು ದನಿ ತಗ್ಗಿಸಿ ಇನ್ನೊಂದು ಹೇಳಿದಳು. ಲಾರಿ ತೂಗುವ ಕಾಟಾ ಆಫೀಸಿನಲ್ಲಿ ಒಬ್ಬರು ಬೇಕಾಗಿದ್ದಾರಂತೆ.

"ಪಿಯುಸಿ ಆದವ್ರು ಬೇಕಂತ. ಹೆಣ್ಮಕ್ಕಳಾದ್ರೂ ನಡೀತದಂತ ನಮ್ಮವ್ರು ಅಂದ್ರು. ನಿಂದು ಪಿಯುಸಿ ಆಗ್ಯದಲ್ಲ?"

ಆಗಿದೆ, ಚಿತ್ತಾಪುರದಲ್ಲಿ, ಸೆಕೆಂಡ್ ಕ್ಲಾಸು. "ನನಗ್ಯಾಕ್ರಿ ಅಕ್ಕ, ಜಹಾಂಗೀರಗ ಬರದು ಕೊಡ್ಲಿಕತ್ತೀನಿ" ಎಂದು ಒಳಗೆ ಬಂದೆ. ಎಂಥ ಮಾತಾಡುತ್ತಾಳೆ. ಇದ್ದತ್‌ನಲ್ಲಿರುವವಳ ಕಿವಿಗೆ ಇಂಥದ್ದನ್ನು ಹಾಕಬಾರದು.

ಸೆಪ್ಟೆಂಬರ್ 6, ಶನಿವಾರ

ನಿನ್ನೆ ಮಿಲಾದ್. ಜುಲೂಸಿನ ಮೆರವಣಿಗೆ ಹೋಗುವ ಸದ್ದು ಕೇಳಿದೆ, ನೋಡಲಿಲ್ಲ. ನಾಹಿದ ಹಸಿರು ಬಾವುಟ ತಂದು ತೋರಿಸಿದಳು. ಮೂರು ತಿಂಗಳಿಂದ ನಾನು ನೋಡಿದ ಆಕಾಶ ಹಿತ್ತಲಿನ ಅಳತೆಯದು. ಇವರಿಗಾಗಿ ಅಳುತ್ತಿದ್ದೇನೋ ಈ ಗೋಡೆಗಳಿಗಾಗಿಯೋ, ನನಗೇ ತಿಳಿಯದಾಗಿದೆ. ಬರೆಯಲು ಪಾಪ ಎನಿಸುತ್ತದೆ, ಆದರೂ ಬರೆದೆ.

ಇವತ್ತು ಪಟ್ಟಿ ಮುಗಿದ ಮೇಲೆ ಪಟ್ಟಿಯಲ್ಲಿಲ್ಲದ ಒಂದು ಪ್ರಶ್ನೆ ಕೇಳಿಬಿಟ್ಟೆ. ಇದ್ದತ್‌ನಲ್ಲಿರುವ ಹೆಂಗಸು ಹೊರಗೆ ಹೋಗಬಹುದೇ? ಬಿಳಿ ಫೋನು ಹೊರಗೆ ಮೂವತ್ತು ಡಿಗ್ರಿ ಇದೆ, ಮೋಡವಿದೆ, ಕೊಡೆ ಒಯ್ಯಿರಿ ಎಂದಿತು. ಕರಿ ಫೋನು, ನನಗೆ ಖಚಿತವಾಗಿ ಗೊತ್ತಿಲ್ಲ, ತಿಳಿದವರನ್ನು ಕೇಳಿ ಎಂದಿತು. ಕರಿಗೆ ಐದು ಹಾಕಿದೆ. ಹಾಕಿದ ಮೇಲೆ ನೆನಪಾಯಿತು, ಇದು ಪಟ್ಟಿಯಲ್ಲೇ ಇಲ್ಲ, ಅಂಕ ಹಾಕುವ ಹಾಗಿಲ್ಲ.

ಸಂಜೆ ಹುಮೇರಾ ಫೋನು ಮಾಡಿದಳು. "ಭಾಬಿ, ಪಟ್ಟಿ ಬಿಟ್ಟು ಕೇಳಬ್ಯಾಡ್ರಿ. ಅಲ್ಲಿ ಮಂದಿ ಕುಂತು ಎಲ್ಲಾ ಕೇಳ್ತಾರ."

ಮಂದಿ ಎಂದರೆ ಗಂಡಸರೂ ಇದ್ದಾರೆ. ನನಗೆ ಭಯವಾಗಬೇಕಿತ್ತು. ಎಲ್ಲೋ ಒಬ್ಬರು ನಾನು ಕೇಳಿದ್ದನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಿದ್ದಾರೆ ಎಂದು ಸಮಾಧಾನವೇ ಆಯಿತು. ಅತ್ತೆಗೆ ಹೇಳಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಪತ್ರ ಬರೆಯಲು ಕೂತೆ. ಮೂರು ಸಲ ಹರಿದೆ.

ಮೊದಲನೆಯದರಲ್ಲಿ 'ನನಗೆ ನೌಕರಿ ಬೇಡ' ಎಂದು ಬರೆದೆ. ಓದಿ ನೋಡಿದರೆ ಬಿಳಿ ಫೋನಿನ ಉತ್ತರ, ಚಂದ ಇದೆ, ನಿಜವಲ್ಲ. ಎರಡನೆಯದರಲ್ಲಿ 'ನನಗೆ ಮಾಡಲಾಗುವುದಿಲ್ಲ' ಎಂದು ಬರೆದೆ. ಅದೂ ನನಗೆ ಗೊತ್ತಿಲ್ಲ, ಮಾಡಿ ನೋಡಿದವಳಲ್ಲ. ಮೂರನೆಯದರಲ್ಲಿ 'ಮನೆಯವರು ಹೇಳಿದ್ದರಿಂದ' ಎಂದು ಬರೆದೆ. ಇದು ನಿಜ. ಆದರೆ ಜಹಾಂಗೀರ ಇದನ್ನು ಯಾರಿಂದಾದರೂ ಓದಿಸಿದರೆ ಸಿಟ್ಟಾಗುತ್ತಾನೆ.

ಹಾಗೇ ಕೂತು ಮನೆಯವರಿಗೆಲ್ಲ ಅಂಕ ಹಾಕಿದೆ. ಅತ್ತೆ, ತಡವಿಲ್ಲದ ಉತ್ತರಕ್ಕೆ ಐದು, ಕೇಳಿದ್ದಕ್ಕೆ ಉತ್ತರ ಕೊಡುವುದಕ್ಕೆ ಒಂದು. ಜಹಾಂಗೀರ, ಸೌಜನ್ಯಕ್ಕೆ ಐದು. ನಾಹಿದ, ನಿನ್ನ ಅಬ್ಬಾ ಎಲ್ಲಿ ಹೋದರು ಎಂದು ನಾನೇ ಒಮ್ಮೆ ಅವಳನ್ನು ಕೇಳಿದಾಗ ನಂಗ್ ಗೊತ್ತಿಲ್ಲ ಎಂದಿದ್ದಳು, ಅದಕ್ಕೆ ಐದಕ್ಕೆ ಐದು. ಇವರಿಗೆ ಹಾಕಲಿಲ್ಲ. ಇವರಿಗೆ ನಾನು ಎಂದೂ ಏನೂ ಕೇಳಿದವಳೇ ಅಲ್ಲ.

ಸೆಪ್ಟೆಂಬರ್ 27, ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಫ್ಯಾಕ್ಟರಿ ಆಫೀಸಿನ ಭೀಮಶಾ ಸಾಹೇಬರು ಮನೆಗೇ ಬಂದರು. ಬರೀ ಪತ್ರ ನಡೆಯುವುದಿಲ್ಲವಂತೆ, ಹೆಂಡತಿಯ ಬಾಯಿಂದ ಕೇಳಬೇಕಂತೆ. ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ನಾನು ಪರದೆಯ ಈ ಕಡೆ ನೆಲದ ಮೇಲೆ ಕೂತಿದ್ದೆ.

"ನೋಡ್ರಿ ಅಮ್ಮಾ, ಕಲೀಮ್ ಅವರ ನೌಕರಿ ಮೊದಲು ನಿಮ್ಮ ಹಕ್ಕು. ನೀವು ಏನಂತೀರಿ?"

"ಭಾಬಿ ಒಪ್ಯಾರ್ರಿ. ಪತ್ರ ಬರದಿಟ್ಟಾರ" ಎಂದ ಜಹಾಂಗೀರ. ನಾನು ಅದನ್ನು ಹರಿದದ್ದು ಅವನಿಗೆ ಗೊತ್ತಿರಲಿಲ್ಲ.

"ನಾ ಅವರಿಗಿ ಕೇಳ್ಲಿಕತ್ತೀನಿ."

"ಇದ್ದತ್ ಅದ್ರಿ ಸಾಹೇಬ್ರ. ಆಕಿ ಹೊರಗಿನವ್ರ ಮುಂದ ಮಾತಾಡಂಗಿಲ್ಲ" ಎಂದರು ಅತ್ತೆ.

"ಹಂಗಾರ ಉತ್ತರ ಬರ್ಲಿಲ್ಲಂತ ಬರಕೊಂಡು ಹೋಗ್ತೀನ್ರಿ."

ಅದೇ ಹೊತ್ತಿಗೆ ಗೂಡ್ಸ್ ರೈಲು ಹೊರಟಿತು. ಅದರ ಸದ್ದು ಮುಗಿಯುವ ತನಕ ಸುಮ್ಮನಿರಬಹುದಿತ್ತು. ಆದರೆ ರೈಲು ಹೋಗುವಾಗ ದಿನಾ ಕೇಳಿ ಕೇಳಿ ರೂಢಿಯಾಗಿತ್ತು. ಹೇಳಿಬಿಟ್ಟೆ.

"ನಾನೇ ಮಾಡ್ತೀನ್ರಿ. ಕಾಟಾ ಆಫೀಸಿಂದು. ನಂದು ಪಿಯುಸಿ ಆಗ್ಯದ."

ಭೀಮಶಾ ಸಾಹೇಬರು ಬರೆದುಕೊಂಡರು. ಮುಂದಿನ ತಿಂಗಳು ಎಂಟಕ್ಕೆ ಹಾಜರಾಗಬೇಕು, ಅವತ್ತು ಬರದಿದ್ದರೆ ಮನೆಯ ಎರಡನೇ ಹೆಸರಿಗೆ, ಅಂದರೆ ಜಹಾಂಗೀರನಿಗೆ ನೌಕರಿ ಹೋಗುತ್ತದೆ ಎಂದರು. ಇದ್ದತ್ ಮುಗಿಯುವುದು ಹದಿನಾರಕ್ಕೆ ಎಂದು ಅತ್ತೆ ಹೇಳಿದರು. "ತಾರೀಖು ನನ್ನ ಕೈಯಾಗಿಲ್ರಿ, ಅಮ್ಮಾ" ಎಂದು ಸಾಹೇಬರು ಎದ್ದರು. ಚಹಾ ಕುಡಿಯಲಿಲ್ಲ.

ಎಂಟು ದಿನಕ್ಕಾಗಿ ನೌಕರಿ ಹೋಗುತ್ತದೆ. ಸುಮ್ಮನೆ ಬಾಯಿ ತೆರೆದೆನೇ.

ಸೆಪ್ಟೆಂಬರ್ 28, ಭಾನುವಾರ

ಜಹಾಂಗೀರ ಉಣ್ಣಲಿಲ್ಲ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮಾತಾಡಲೇಬೇಕಾದಾಗ ನಾಹಿದಳ ಹತ್ತಿರ ಹೇಳುತ್ತಾರೆ. "ನಿಮ್ಮ ಅಮ್ಮಗ ಹೇಳು, ಉಪ್ಪು ಮುಗದದ." ನಾನು ಎರಡು ಗಜ ದೂರದಲ್ಲಿ ಕೂತಿರುತ್ತೇನೆ.

ಸೆಪ್ಟೆಂಬರ್ 30, ಮಂಗಳವಾರ

ಹಗಲು ಹೊತ್ತು ನೌಕರಿಗೆ ಹೋಗಿ ಬರಲು ಇದ್ದತ್‌ನಲ್ಲಿ ಒಪ್ಪಿಗೆ ಇದೆಯೇ ಎಂದು ಹಜರತ್‌ರನ್ನು ಕೇಳಿಸಿ ಎಂದೆ. ನಾನಾಗಿ ಅತ್ತೆಗೆ ಏನಾದರೂ ಮಾಡಿಸಿ ಎಂದದ್ದು ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಅತ್ತೆ ಜಹಾಂಗೀರನನ್ನು ಕಳಿಸಿದರು. ಅವನು ಬೇಗನೆ ಬಂದ.

"ಬ್ಯಾಡ ಅಂದಾರ. ಹದಿನಾರನೇ ತಾರೀಖಿನ ತನಕ ಹೊಸ್ತಿಲ ದಾಟಂಗಿಲ್ಲ ಅಂದಾರ."

ತಡವಿಲ್ಲದೆ, ಸ್ಪಷ್ಟವಾಗಿ ಹೇಳಿದ. ಇಲ್ಲಿಗೆ ಮುಗಿಯಿತು. ಅತ್ತೆ ಈಗ ನೇರ ನನ್ನ ಜೊತೆ ಮಾತಾಡುತ್ತಿದ್ದಾರೆ.

ಅಕ್ಟೋಬರ್ 3, ಶುಕ್ರವಾರ

ಮೂರು ದಿನ ಅದೇ ತಲೆಯಲ್ಲಿ. ಒಂದೇ ಪ್ರಶ್ನೆ, ಒಂದೇ ಕಡೆ ಕೇಳಿದ್ದು. ಇಷ್ಟು ದಿನದಲ್ಲಿ ಒಂದೇ ಒಂದು ಪ್ರಶ್ನೆಯನ್ನೂ ನಾನು ಒಂದೇ ಕಡೆ ಕೇಳಿ ಬಿಟ್ಟವಳಲ್ಲ. ಜುಮ್ಮಾ ನಮಾಜು ಮುಗಿಯುವ ಹೊತ್ತು ನೋಡಿ ಅತ್ತೆಗೆ, ನೀವೇ ಹಜರತ್‌ರಿಗೆ ಫೋನು ಮಾಡಿ ಇನ್ನೊಮ್ಮೆ ಕೇಳಿರಿ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಫೋನು ಹಚ್ಚು ಎಂದರು. ಜಹಾಂಗೀರ ಡ್ಯೂಟಿಗೆ ಹೋಗಿದ್ದ. ಸ್ಪೀಕರ್ ಹಾಕಿದೆ. ಸಲಾಂ ಹೇಳುವ ತನಕ ಅತ್ತೆಯೇ ಮಾತಾಡಿದರು, ಆಮೇಲೆ ತಡವರಿಸಿ ಫೋನು ನನ್ನ ಕಡೆ ಚಾಚಿದರು.

"ನೀ ಕೇಳು. ದಿನಾ ಪ್ರಶ್ನಿ ಕೇಳಾಕಿ ನೀನೇ ಅಲ್ಲೇನು."

ಕೇಳಿದೆ. ನೌಕರಿ ಯಾವುದು, ತಾರೀಖು ಯಾವುದು, ಮನೆಯಲ್ಲಿ ಯಾರಿದ್ದಾರೆ, ಎಲ್ಲ ಬಿಡಿಸಿ ಹೇಳಿ ಕೇಳಿದೆ.

"ಬೇಟಿ, ಹೊಟ್ಟಿಪಾಡಿಗಿ ಹಗಲಿನ್ಯಾಗ ಹೋಗಿ ಹೊತ್ತು ಮುಳುಗೋದ್ರೊಳಗ ಮನಿಗಿ ಬರ್ಲಿಕ್ಕ ಇಜಾಜತ್ ಅದ. ರಾತ್ರಿ ಮಾತ್ರ ಮನ್ಯಾಗೇ ಇರಬೇಕು. ಸಾದಾ ಬಟ್ಟಿ ಇರ್ಲಿ. ಇದರಾಗ ಅಂಜೂದೇನದ?"

ಅತ್ತೆ ಮುಂದೆ ಬಗ್ಗಿದರು. "ಹಜರತ್, ಮನ್ನಿ ಜಹಾಂಗೀರಗ ಬ್ಯಾಡ ಅಂದ್ರಂತಲ್ರಿ?"

"ಜಹಾಂಗೀರಗ? ಅವ ನನ್ನ ಹಂತ್ಯಾಕ ಬಂದು ನಾಕು ಜುಮ್ಮಾ ಆತ್ರಿ."

ಫೋನು ಇಟ್ಟು ಅತ್ತೆಯ ಕಡೆ ತಿರುಗಿದೆ. ಒಬ್ಬ ಮಗ ಮಣ್ಣಿಗೆ ಹೋದ, ಇನ್ನೊಬ್ಬ ಹೀಗೆ ಮಾಡಿದ. ನನಗೆ ಗೆದ್ದ ಖುಷಿ ಆಗಲಿಲ್ಲ. ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

"ಅವಗ ಏನೂ ಹೇಳಬ್ಯಾಡ" ಎಂದರು.

ಅಕ್ಟೋಬರ್ 6, ಸೋಮವಾರ

ಪರೀಕ್ಷೆ ಮುಗಿಯಿತು. ಎರಡೂ ಫೋನನ್ನು ಡಬ್ಬಿಗೆ ಹಾಕಿದೆ. ಕೊನೆಯ ಹಾಳೆಯಲ್ಲಿ, ಒಟ್ಟಿನಲ್ಲಿ ಯಾವುದು ಮೇಲು, ಒಂದೇ ವಾಕ್ಯದಲ್ಲಿ ಬರೆಯಿರಿ ಎಂದಿತ್ತು. ಗೊತ್ತಿಲ್ಲ ಎನ್ನಲು ಬರುವ ಫೋನೇ ಮೇಲು, ಕರಿಯದು ಎಂದು ಬರೆದೆ. ಮೊದಲ ವಾರ ನಾನು ಹಾಕಿದ ಅಂಕ ಎಲ್ಲ ತಪ್ಪು, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದೂ ಸೇರಿಸಿದೆ. ಹುಮೇರಾಗೆ ಕಿರಿಕಿರಿಯಾಗಬಹುದು, ಆಗಲಿ.

ಊಟಕ್ಕೆ ಕೂತಾಗ ಅತ್ತೆ ಜಹಾಂಗೀರನಿಗೆ, ಎಂಟಕ್ಕೆ ಆಕೆ ಹೋಗುತ್ತಾಳೆ, ನಾನು ಒಪ್ಪಿದ್ದೇನೆ ಎಂದರು.

"ಹಜರತ್ ಬ್ಯಾಡ ಅಂದಾರಲ್ಲ, ಅಮ್ಮಿ?"

"ಹ್ಞೂಂ" ಎಂದರು ಅತ್ತೆ. ಅವನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದರು.

ಅಕ್ಟೋಬರ್ 8, ಬುಧವಾರ

ಬೆಳಿಗ್ಗೆ ನನಗಿಂತ ಮೊದಲು ಅತ್ತೆ ಬುರ್ಖಾ ತೊಟ್ಟು ನಿಂತಿದ್ದರು. ನೀವ್ಯಾಕೆ ಎಂದೆ.

"ನಾ ಕರಕೊಂಡ್ ಹೋದ್ರ ಮಂದಿ ನನಗ ಬೈತಾರ, ನಿನಗಲ್ಲ."

ನೂರ ಇಪ್ಪತ್ತೊಂದು ದಿನದ ಮೇಲೆ ಹೊಸ್ತಿಲು ದಾಟಿದೆ. ಬಿಸಿಲಿಗೆ ಕಣ್ಣು ಕತ್ತಲೆ ಬಂತು. ಕಾಲಿಗೆ ರಸ್ತೆ ಮರೆತುಹೋಗಿತ್ತು, ಅತ್ತೆಯ ರಟ್ಟೆ ಹಿಡಿದು ನಡೆದೆ. ಸಾಲುಮನೆಗಳ ಕಟ್ಟೆಯ ಮೇಲೆ ಹೆಂಗಸರು ಎದ್ದು ನಿಂತರು. ಇದ್ದತ್ ಮುಗಿಯಿತೇ ಆಶಾಬಿ ಎಂದು ಒಬ್ಬಳು ಕೇಳಿದಳು. "ಇಲ್ಲ, ಇನ್ನಾ ಎಂಟು ದಿನ ಅದ. ಹಜರತ್‌ಗ ಕೇಳೀನಿ" ಎಂದು ಅತ್ತೆ ನಿಲ್ಲದೆ ನಡೆದರು. ಗೇಟಿನಲ್ಲಿ ಕಾವಲಿನವನು ಅವರನ್ನು ಏನು ಕೆಲಸ ಎಂದು ಕೇಳಿದ. "ನನಗ ಕೇಳಬ್ಯಾಡಪಾ. ನೌಕರಿ ಈಕಿದು" ಎಂದರು.

ಕಾಟಾ ಆಫೀಸಿನಲ್ಲಿ ಗಾಜಿನ ಕಿಟಕಿ, ಮುಂದೆ ಮೈಕು. ಲಾರಿಯ ನಂಬರು ಓದಿ ಕೂಗಬೇಕು, ಅದು ಅಂಗಳ ಪೂರ್ತಿ ಕೇಳುತ್ತದೆ. ಯಾರೂ ಇದನ್ನು ಮೊದಲೇ ಹೇಳಿರಲಿಲ್ಲ. ಕೂಗಿದೆ. ಮಧ್ಯಾಹ್ನ ಹಮಾಲರ ಸಾಲಿನಲ್ಲಿ ಜಹಾಂಗೀರ ಕಂಡ. ಬೆನ್ನ ಮೇಲೆ ಚೀಲ ಇದ್ದ ಹಾಗೇ ನಿಂತು ಮೈಕಿನ ಕಡೆ ತಲೆ ಎತ್ತಿದ್ದ. ಹಿಂದಿನವನು ದೂಡಿದ ಮೇಲೆ ನಡೆದ. ನಾನು ನೀರು ಕುಡಿದು ಮುಂದಿನ ನಂಬರು ಕೂಗಿದೆ.

ಸಂಜೆ ಅತ್ತೆ ಮತ್ತೆ ಗೇಟಿಗೆ ಬಂದಿದ್ದರು, ಹೊತ್ತು ಮುಳುಗುವ ಮೊದಲೇ ಮನೆ ಸೇರಿದೆವು. ಮತ್ತೆ ಒಳಕೋಣೆ, ಮತ್ತೆ ಪರದೆ. ಅತ್ತೆ ಬುರ್ಖಾ ತೆಗೆದಿಟ್ಟು ನೇರ ಒಲೆಯ ಮುಂದೆ ಕೂತರು. ಸ್ವಲ್ಪ ಹೊತ್ತಿಗೆ ಜಹಾಂಗೀರ ಬಂದ. ಅಡುಗೆಮನೆಗೆ ಹೋಗಲಿಲ್ಲ, ಪರದೆಯ ಹತ್ತಿರ ನೆಲದ ಮೇಲೆ ಕೂತ. ಕೆಮ್ಮಲಿಲ್ಲ.

"ಭಾಬಿ."

"ಹ್ಞೂಂ."

"ಹಜರತ್ ಕಡಿ ನಾ ಹೋಗಿರಲಿಲ್ಲ."

"ಗೊತ್ತದ."

"ಅಮ್ಮಿಗಿ?"

"ಅವರಿಗೂ ಗೊತ್ತದ."

"ಯಾವಾಗಿಂದ?"

"ಶುಕ್ರವಾರದಿಂದ."

ಲೆಕ್ಕ ಹಾಕುತ್ತಿದ್ದನೇನೋ. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ. ದಿನಾ ಅವರು ಎದುರು ಕೂತು ಬಡಿಸಿದ್ದರು, ಇವನು ಎದುರು ಕೂತು ಉಂಡಿದ್ದ. ಪರದೆಯ ಆಚೆ ಅವನು ಅಳುವುದು ಕೇಳಿಸಿತು. ಅಣ್ಣ ಸತ್ತ ದಿನ ಇವನು ಅತ್ತಿರಲಿಲ್ಲ.

"ಈಗ ನಾ ಅಮ್ಮಿ ಮುಂದ ಹ್ಯಾಂಗ ಹೋಗಿ ಕುಂದ್ರಲಿ, ಭಾಬಿ?"

ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು. "ನಂಗ ಗೊತ್ತಿಲ್ಲ, ಜಹಾಂಗೀರ" ಎಂದೆ.

ಅತ್ತೆ ಅಡುಗೆಮನೆಯಿಂದ ಅವನನ್ನು ಕರೆದರು, ರೊಟ್ಟಿ ಆರುತ್ತವೆ ಎಂದರು. ಅವನು ಏಳಲಿಲ್ಲ. ಮತ್ತೆ ಕರೆದರು. ಮೂರನೇ ಸಲಕ್ಕೆ ಎದ್ದು ಹೋದ.